ಹದಿನೇಳರ ಮುದ್ರೆ

ಮಗಳು ಸೂಟ್‌ಕೇಸಿಗೆ ತುಂಬಿದ್ದನ್ನೆಲ್ಲ ಅಮ್ಮ ಹೊರಗೆ ತೆಗೆದು ಮತ್ತೆ ಮಡಿಸುತ್ತಿದ್ದಳು. ಇದು ಮೂರನೇ ಸಲ. ಕೆಲಸಕ್ಕೆ ಹೊರಟಿರೋದು ಸಮುದ್ರದ ಪಕ್ಕದ ಊರಿಗೆ, ವರ್ಷವಿಡೀ ಸೆಕೆ, ತೆಳು ಹತ್ತಿ ಬಟ್ಟೆ ಸಾಕು ಅಂತ ಮಗಳು ಬಾಯಿ ಬಡಿದುಕೊಂಡರೂ ಸ್ವೆಟರೊಂದು ಒಳಗೆ ಹೋಗಿ ಕೂತಿತ್ತು.

"ಅಮ್ಮಾ, ಅಲ್ಲಿ ಇದನ್ನ ಹಾಕ್ಕೊಂಡ್ರೆ ಬೆಂದೇ ಹೋಗ್ತೀನಿ."

"ಇರಲಿ ಬಿಡೇ. ಅದೇನು ನಿನ್ನ ಹತ್ರ ಅನ್ನ ಕೇಳುತ್ತಾ?"

ಬಾಯಲ್ಲಿ ಸ್ವೆಟರ್ ಮಾತು, ತಲೆಯೊಳಗೆ ಬೇರೆಯದೇ ಚಿಂತೆ. ಅಮ್ಮ ಲೈಫ್ ಜಾಕೆಟ್ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವವಳು. ಪ್ರತಿ ಜಾಕೆಟ್ಟಿನ ಪಟ್ಟಿಗೆ ತೂಕದ ಗುಂಡು ಇಳಿಬಿಟ್ಟು ಹತ್ತು ಎಣಿಸಬೇಕು. ಹೊಲಿಗೆ ಬಿಡದಿದ್ದರೆ ಕಾಲರಿನ ಒಳಗೆ ತನ್ನ ನಂಬರ್ ಒತ್ತಬೇಕು. ಅವಳದು ಹದಿನೇಳು. ಇಪ್ಪತ್ತು ವರ್ಷದ ಕೈ. "ಹದಿನೇಳು ಇದ್ರೆ ಕಣ್ಣು ಮುಚ್ಕೊಂಡು ಕಳಿಸಿ" ಅನ್ನುತ್ತಿದ್ದ ಸೂಪರ್‌ವೈಸರ್.

ಆ ಹೊಗಳಿಕೆಯೇ ತಲೆಗೇರಿತ್ತೋ ಏನೋ! ಹೋದ ತಿಂಗಳು ಒಂದು ಮಧ್ಯಾಹ್ನ ಲಾರಿಯವನು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದಾಗ, ಕೊನೆಯ ನಲವತ್ತು ಜಾಕೆಟ್ಟಿಗೆ ಗುಂಡು ಕಟ್ಟದೆ ಟಪಟಪ ಮುದ್ರೆ ಒತ್ತಿಬಿಟ್ಟಳು. ಮಾರನೇ ದಿನ ಅದೇ ನೂಲಿನಲ್ಲಿ ಹೊಲಿದ ಪಟ್ಟಿ ಮೂರು ಎಣಿಸುವಷ್ಟರಲ್ಲಿ ಕಿತ್ತು ಬಂತು. "ನಿನ್ನೆಯದು?" ಅಂತ ಸೂಪರ್‌ವೈಸರ್ ಕೇಳಿದ. "ಎಲ್ಲಾ ನೋಡೇ ಕಳಿಸಿದೀನಿ ಸಾರ್" ಅಂದಳು. ಆ ಲಾರಿ ಹೋಗಿದ್ದು ಮಗಳು ಹೊರಟಿರುವ ಊರಿಗೇ, ಅಲ್ಲಿನ ಪ್ರವಾಸಿ ದೋಣಿಗಳಿಗೆ.

"ನಾಳಿದ್ದು ಆಫೀಸಿನವರೆಲ್ಲ ದೋಣೀಲಿ ದ್ವೀಪಕ್ಕೆ ಹೋಗ್ತೀವಿ," ಅಂದಳು ಮಗಳು.

ಅಮ್ಮ ಮಡಿಸುತ್ತಿದ್ದುದನ್ನು ಕೆಳಗಿಟ್ಟಳು. "ದೋಣಿ ಹತ್ತಬೇಡ."

"ಅಯ್ಯೋ, ಲೈಫ್ ಜಾಕೆಟ್ ಕೊಡ್ತಾರಮ್ಮ. ನಿನ್ನ ಹದಿನೇಳನೇ ನಂಬರ್ ಹುಡುಕಿ ಅದನ್ನೇ ಹಾಕ್ಕೋತೀನಿ, ಆಯ್ತಾ?"

"ಅದನ್ನ ಮಾತ್ರ ಮುಟ್ಟಬೇಡ ಕಣೇ!"

ಕೂಗು ಗೋಡೆಗೆ ಬಡಿಯಿತು. ಮಗಳು ಗಾಬರಿಯಿಂದ ಮಂಚದ ಮೇಲೆ ಕೂತಳು. ಅಮ್ಮ ಹಾರನ್ನಿನಿಂದ ಹಿಡಿದು ಸುಳ್ಳಿನವರೆಗೆ ಎಲ್ಲವನ್ನೂ ಹೇಳಿದಳು.

"ಹದಿನೇಳು ಕಂಡ್ರೆ ಕೆಳಗಿಟ್ಟು ಬೇರೆ ತಗೋ. ನನ್ನಾಣೆ."

ಮಗಳು ಸೂಟ್‌ಕೇಸನ್ನು ಪಕ್ಕಕ್ಕೆ ಸರಿಸಿದಳು. "ನಾನು ಕೆಳಗಿಟ್ಟಿದ್ದನ್ನ ಯಾರು ಹಾಕ್ಕೋತಾರೆ?"

ಕಾರ್ಖಾನೆಗೆ ಹೇಳಿದರೆ ಕೆಲಸ ಹೋಗುತ್ತದೆ, ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು. ಆದರೂ ಅಮ್ಮ ಫೋನ್ ಎತ್ತಿಕೊಂಡಳು. ಸೂಪರ್‌ವೈಸರ್ ನಂಬರ್ ಒತ್ತಿದಳು.

"ಏನಮ್ಮಾ ಹದಿನೇಳು, ರಜಾ ದಿನಾನೂ ಬಿಡಲ್ವಾ?" ಸೂಪರ್‌ವೈಸರ್ ನಕ್ಕ.

"ಸಾರ್, ಆವತ್ತು ಸುಳ್ಳು ಹೇಳಿದೆ. ಕೊನೆಯ ನಲವತ್ತಕ್ಕೆ ಗುಂಡು ಕಟ್ಟಲಿಲ್ಲ. ದೋಣಿಯವರಿಗೆ ಈಗಲೇ ಹೇಳಿ, ಯಾರೂ ಹಾಕ್ಕೋಬಾರದು."

ಆ ಕಡೆ ನಗು ನಿಂತಿತು.

"ಅವು ಹೋಗಿ ತಿಂಗಳಾಯ್ತಲ್ಲಮ್ಮಾ... ದಿನಾ ಹಾಕ್ಕೊಂಡು ಹೋಗ್ತಾ ಇರ್ತಾರೆ. ಹಾಗೇ ಇರು, ಏನಾದ್ರೂ ಆಗಿದೆಯಾ ಅಂತ ಇನ್ನೊಂದು ಫೋನಲ್ಲಿ ದೋಣಿಯವರನ್ನ ಕೇಳ್ತೀನಿ."

ಅಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಮಗಳು ಬಂದು ಅವಳ ಇನ್ನೊಂದು ಕೈ ಹಿಡಿದುಕೊಂಡಳು. ಅಭ್ಯಾಸಬಲ, ಅಮ್ಮನ ತುಟಿ ತಾನಾಗಿ ಎಣಿಸತೊಡಗಿತು: ಒಂದು, ಎರಡು, ಮೂರು...

ಹತ್ತು ಮುಗಿಯಿತು. ಆ ಕಡೆಯಿಂದ ಇನ್ನೂ ಯಾರೂ ಮಾತಾಡಲಿಲ್ಲ. ಅವಳು ಮತ್ತೆ ಒಂದರಿಂದ ಶುರುಮಾಡಿದಳು.