ಬದಲಿ ಪುಸ್ತಕ

ಆ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ವಯಸ್ಸಿನಲ್ಲಿ ಮಾತ್ರ ಅವಳೇ ಎಲ್ಲರಿಗಿಂತ ಚಿಕ್ಕವಳು, ಪಟ್ಟಕ್ಕೆ ಬಂದು ಎರಡೇ ತಿಂಗಳು. ರಜೆ ಹಾಕಿದವರ ತರಗತಿಗೆ ಬೇರೆಯವರನ್ನು ಹುಡುಕಿ ಬದಲಿ ಪುಸ್ತಕದಲ್ಲಿ ಬರೆಯುವುದು ಅವಳ ದಿನದ ಮೊದಲ ಕೆಲಸ. ಪುಸ್ತಕ ಹಿಡಿದ ಆಯಾ ಸ್ಟಾಫ್ ರೂಮಿನ ಬಾಗಿಲಲ್ಲಿ ಕಂಡರೆ ಸಾಕು, ಒಬ್ಬರಿಗೆ ತಲೆನೋವು ಬರುತ್ತಿತ್ತು, ಇನ್ನೊಬ್ಬರಿಗೆ ತಿದ್ದದ ಉತ್ತರಪತ್ರಿಕೆ ನೆನಪಾಗುತ್ತಿತ್ತು. ವಿಜ್ಞಾನದ ಮೇಷ್ಟ್ರು ಮಾತ್ರ ತುಟಿಪಿಟಕ್ಕೆನ್ನದೆ ಹೊರಡುತ್ತಿದ್ದರು.

ಇವತ್ತು ಅವರೇ ವರ್ಗಾವಣೆಯ ಅರ್ಜಿ ತಂದು ಅವಳ ಮೇಜಿನ ಮೇಲಿಟ್ಟರು. ಪಾಠ ಮಾಡಿ ಮಾಡಿ ಗಂಟಲು ಕಟ್ಟಿ, ಸ್ವರ ಕಷ್ಟದಿಂದ ಹೊರಡುತ್ತಿತ್ತು.

"ಸಂಜೆಯೊಳಗೆ ಸಹಿ ಹಾಕಿ ಕಳಿಸಿಬಿಡಿ ಮೇಡಂ."

"ಯಾಕೆ ಸಾರ್? ಇಲ್ಲೇನು ಕಮ್ಮಿಯಾಯ್ತು?"

"ಕಮ್ಮಿ ಏನಿಲ್ಲ, ಎಲ್ಲಾ ಜಾಸ್ತಿನೇ," ಎಂದು ನಕ್ಕು ಹೋದರು.

ಅವಳು ಬದಲಿ ಪುಸ್ತಕ ತಿರುವಿದಳು. ಪುಟಪುಟದಲ್ಲೂ ತನ್ನದೇ ದುಂಡಕ್ಷರದಲ್ಲಿ ಅವರ ಹೆಸರು. ತನ್ನದು ಒಂದು ಕಡೆಯೂ ಇಲ್ಲ. ಅಜ್ಜಿ ಕಥೆಯ ರಾಕ್ಷಸನೇ ವಾಸಿ, ದಿನಕ್ಕೊಂದು ಮನೆ ಎಂದು ಸರದಿಯಾದರೂ ಇಟ್ಟಿದ್ದ. ತಾನೋ, ದಿನವೂ ಒಬ್ಬರನ್ನೇ ತಿಂದದ್ದು!

ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಹೋಗಿ, ಡಬ್ಬಿಗಳ ನಡುವೆ ಪುಸ್ತಕ ಬಿಚ್ಚಿಟ್ಟಳು.

"ಇಲ್ಲ ಅನ್ನೋಕೆ ಬಾರದವರ ಮೇಲೆ ಎರಡು ತಿಂಗಳು ಸವಾರಿ ಮಾಡಿದೀನಿ. ನೀವೆಲ್ಲ ಹಿರಿಯರು, ಕೇಳಿದ್ರೆ ಮುನಿಸ್ಕೋತೀರಿ ಅಂತ ಹೆದರಿದ್ದೆ. ತಪ್ಪು ನಂದು. ಸಾರ್, ಕ್ಷಮಿಸಿ."

ಪೆನ್ನು ತೆಗೆದು ಇವತ್ತಿನ ಪುಟದಲ್ಲಿ ತನ್ನ ಹೆಸರು ಬರೆದಳು.

"ಇನ್ಮೇಲೆ ನಾನೊಬ್ಬಳೇ ಬರೆಯಲ್ಲ. ಎಲ್ರೂ ಕೂತು ಸರದಿ ಹಾಕೋಣ. ಇವತ್ತಿನ ಏಳನೇ ಕ್ಲಾಸು ನಂದು."

"ಏಳನೇ ಕ್ಲಾಸಾ? ಜೀವಂತ ವಾಪಸ್ ಬನ್ನಿ ತಾಯಿ!" ಎಂದರು ಗಣಿತದ ಟೀಚರ್. ಮೆಣಸಿನಕಾಯಿ ಎಂದೇ ಮಕ್ಕಳಲ್ಲಿ ಹೆಸರಾದವರು ಅವರು. ಎಲ್ಲರೂ ನಕ್ಕರು. ಆಮೇಲೆ ಅವರೇ ಪೆನ್ನು ಕೇಳಿದರು. "ಬುಧವಾರ ನಂಗೆ ಎರಡು ಪಿರಿಯಡ್ ಖಾಲಿ. ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ, ಅಷ್ಟೇ."

ಚಿತ್ರಕಲೆಯ ಮೇಷ್ಟ್ರು ಡಬ್ಬಿ ಮುಚ್ಚಿಕೊಂಡು ಎದ್ದುಹೋದರು. ಉಳಿದವರು ಒಬ್ಬೊಬ್ಬರಾಗಿ ಕುರ್ಚಿ ಎಳೆದುಕೊಂಡರು. ವಿಜ್ಞಾನದ ಮೇಷ್ಟ್ರು ಮೂಲೆಯಲ್ಲಿ ಕೂತು ನೋಡುತ್ತಿದ್ದರು.

ಸಂಜೆ ಅವರು ಬಂದಾಗ ಅರ್ಜಿಗೆ ಸಹಿ ಬಿದ್ದಿತ್ತು.

"ಹೋಗ್ಬೇಡಿ ಅನ್ನೋಕೆ ನಂಗೆ ಮುಖ ಇಲ್ಲ ಸಾರ್. ಕಳಿಸೋದು ಬಿಡೋದು ನಿಮ್ಮಿಷ್ಟ."

ಮೇಷ್ಟ್ರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಳಿಸಿದರು.

"ಈ ತಿಂಗಳು ಇಲ್ಲೇ ಇರ್ಲಿ ಮೇಡಂ. ಎಲ್ಲರ ಉತ್ಸಾಹ ಎಷ್ಟು ದಿನ ಅಂತ ನೋಡೋಣ."