ಮೂವತ್ತೇ ದಿನದ ತಿಂಗಳು

ಹತ್ತೊಂಬತ್ತು ವರ್ಷ ಕೋಡ್ ಬರೆದು ನನಗೆ ಸಾಕಾಗಿತ್ತು. ಬರೆಯುವುದಕ್ಕಿಂತ, ಹೊಸಬರು ಬರೆದದ್ದನ್ನು ತಿದ್ದಿ ತಿದ್ದಿ ಸಾಕಾಗಿತ್ತು. ಅದರ ಮೇಲೆ ನಮ್ಮ ತಂಡಕ್ಕೆ ಹೊಸದಾಗಿ ಬಂದವಳು ಇವಳು. ಹದಿನಾಲ್ಕು ವರ್ಷ ಹೊಲಿಗೆ ಅಂಗಡಿಯಲ್ಲಿ ದುಡಿದು, ಅಂಗಡಿ ಮುಚ್ಚಿದ ಮೇಲೆ ಆರು ತಿಂಗಳ ಕೋರ್ಸ್ ಮುಗಿಸಿ, ಸರ್ಟಿಫಿಕೇಟ್ ಹಿಡಿದು ಬಂದಿದ್ದಳು. ತಂಡದವರು ಅವಳನ್ನು 'ಆರು ತಿಂಗಳು' ಎಂದೇ ಕರೆಯುತ್ತಿದ್ದರು. ಆ ಹೆಸರು ಇಟ್ಟವಳು ನಾನೇ.

ಮೂರು ತಿಂಗಳ ಪರೀಕ್ಷಾ ಅವಧಿ ಮುಗಿಯುತ್ತಿತ್ತು. ಅವಳ ಕೆಲಸ ಕಾಯಂ ಆಗಬೇಕೋ ಬೇಡವೋ ಎಂದು ಶುಕ್ರವಾರ ಸಂಜೆಯೊಳಗೆ ನಾನು ಮ್ಯಾನೇಜರಿಗೆ ಬರೆದು ಕೊಡಬೇಕಿತ್ತು. ಅವಳಿಗೆ ಕೊಟ್ಟಿದ್ದ ಕೆಲಸ ಚಿಕ್ಕದು. ನಮ್ಮ ತಂತ್ರಾಂಶ ಆಸ್ಪತ್ರೆಯ ರೋಗಿಗಳಿಗೆ ಕೊಡುವ ಮುಂದಿನ ಭೇಟಿಯ ತಾರೀಖು ಕೆಲವೊಮ್ಮೆ ಒಂದೆರಡು ದಿನ ತಪ್ಪುತ್ತಿತ್ತು. ಅಲ್ಲಿಯ ಗುಮಾಸ್ತರು ವರ್ಷಗಟ್ಟಲೆ ಕೈಯಲ್ಲೇ ತಿದ್ದಿಕೊಂಡು, ಈಗ ದೂರು ಕೊಟ್ಟಿದ್ದರು. ಹನ್ನೊಂದು ದಿನವಾದರೂ ಅವಳಿಂದ ಅದು ಮುಗಿದಿರಲಿಲ್ಲ.

ಮೂರನೇ ದಿನ ಒಮ್ಮೆ ನನ್ನ ಮೇಜಿನ ಹತ್ತಿರ ಬಂದಿದ್ದಳು.

"ಮೇಡಂ, ಹಳೇ ಕೋಡಲ್ಲೇ ಏನೋ..."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದೆ, ತಲೆ ಎತ್ತದೆ. ಅಕ್ಕಪಕ್ಕದವರು ನಕ್ಕರು. ನನಗೂ ಯಾರೂ ಕೂತು ಹೇಳಿಕೊಟ್ಟಿರಲಿಲ್ಲ. ಬೈಸಿಕೊಂಡೇ ಕಲಿತವಳು ನಾನು. ಅವಳು ಮತ್ತೆ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ 'ಬೇಡ' ಎಂದು ಪತ್ರ ಬರೆದೆ. ಕಾರಣ ತೋರಿಸಬೇಕಲ್ಲ, ಅವಳ ಕೆಲಸ ತೆರೆದು ನೋಡಿದೆ. ಹಳೆಯ ಸಾಲುಗಳನ್ನು ಒಂದಕ್ಷರವೂ ಮುಟ್ಟದೆ ಸುತ್ತ ನೂರು ಸಾಲಿನ ತೇಪೆ ಹಾಕಿದ್ದಳು. ಯಾಕಪ್ಪಾ ಎಂದು ಹಳೆಯದನ್ನು ಓದಿದೆ. ಅಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ! ಮೇಲೊಂದು ಟಿಪ್ಪಣಿ: 'ಸದ್ಯಕ್ಕೆ ಹೀಗಿರಲಿ, ಆಮೇಲೆ ಸರಿ ಮಾಡುತ್ತೇನೆ.' ಅದರ ಮುಂದೆ ನನ್ನ ಹೆಸರು, ಎಂಟು ವರ್ಷದ ಹಿಂದಿನ ತಾರೀಖು.

ನೆಲ ಡೊಂಕಾಗಿಯೇ ಇತ್ತು. ಹಾಸಿದವಳು ನಾನು.

ಅವಳನ್ನು ಕರೆದು ಕೇಳಿದೆ. "ಇದು ಯಾವಾಗ ಕಾಣಿಸ್ತು?"

"ಎರಡನೇ ದಿನವೇ, ಮೇಡಂ."

"ಮತ್ತೆ ತಿದ್ದಬಾರದಿತ್ತಾ?"

"ನಿಮ್ಮ ಹೆಸರಿತ್ತು. ನೀವು ಬರೆದಿದೀರಿ ಅಂದ್ರೆ ನನಗೆ ಗೊತ್ತಿಲ್ಲದ್ದು ಏನೋ ಇರ್ಬೇಕು ಅಂದ್ಕೊಂಡೆ. ಮೊದಲು ನಮ್ಮ ತಪ್ಪನ್ನೇ ಹುಡುಕ್ಕೋಬೇಕು ಅಂತಾನೇ ಕೋರ್ಸಲ್ಲಿ ಹೇಳಿಕೊಟ್ಟಿದ್ದು. ಇಷ್ಟು ದಿನವೂ ಹುಡುಕಿದೆ. ನಂದು ಸಿಗಲಿಲ್ಲ."

ಪತ್ರದಲ್ಲಿದ್ದದ್ದನ್ನು ಅಳಿಸಿ, 'ಕಾಯಂ ಮಾಡಿ, ತಡವಾದದ್ದು ನನ್ನಿಂದ' ಎಂದು ಬರೆದು ಕಳಿಸಿದೆ. ಆಮೇಲೆ ಪಕ್ಕಕ್ಕೆ ಒಂದು ಕುರ್ಚಿ ಎಳೆದೆ.

"ಕೂತ್ಕೊಳ್ಳಿ. ನೀವೇ ತಿದ್ದಿ."

ಮೂರು ಸಾಲು, ಐದು ನಿಮಿಷ. ಮುಗಿಸಿ ಕೇಳಿದಳು, "ಟಿಪ್ಪಣಿ ಅಳಿಸ್ಲಾ, ಮೇಡಂ? ನಿಮ್ಮ ಹೆಸರು ಕಾಣುತ್ತೆ."

"ಕಾಣ್ಲಿ ಬಿಡಿ. ಸರಿ ಮಾಡಿದ್ದು ಯಾರು ಅಂತ ಕೆಳಗೆ ನಿಮ್ಮ ಹೆಸರೂ ಹಾಕಿ."

ಅವಳು ಒಂದೊಂದೇ ಅಕ್ಷರ ಒತ್ತಿದಳು. ಮೂರು ತಿಂಗಳಲ್ಲಿ ಆ ಹೆಸರು ಹಿಡಿದು ನಾನು ಅವಳನ್ನು ಒಮ್ಮೆಯೂ ಕರೆದಿರಲಿಲ್ಲ.