ಎರಡನೆಯ ಗಾಜು

೧
ಎಲ್ಲಿಂದ ಶುರುಮಾಡಲಿ? ನನ್ನಂಥ ಕತೆಗಾರ ಹದಿನಾಲ್ಕು ಲೋಕ ಜಾಲಾಡಿದರೂ ಸಿಗಲಾರ. ಈ ಕತೆಗೇ ಒಂಬೈನೂರು ಆರಂಭ ಬರೆದು ಹರಿದಿದ್ದೇನೆ. (ಸರಿ, ಮೂರು.) ಕುರ್ಚಿಯಿಂದಲೇ ಶುರುಮಾಡುತ್ತೇನೆ. ಬೇರೆ ದಾರಿ ಇತ್ತೇ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ.

೨
ಕನ್ನಡಕದಂಗಡಿ. ಕಣ್ಣು ಪರೀಕ್ಷೆಯ ಕುರ್ಚಿ. ಕೂತವರ ಮೂಗಿನ ಮೇಲೆ ಮಣಭಾರದ ಚೌಕಟ್ಟು, ಎದುರು ಗೋಡೆಯಲ್ಲಿ ಅಕ್ಷರಗಳು. ಅಂಗಡಿಯವನು ಗಾಜು ಬದಲಿಸಿ ಬದಲಿಸಿ ಕೇಳುತ್ತಾನೆ: ಮೊದಲನೇದು ಸ್ಪಷ್ಟವೋ, ಎರಡನೇದೋ? ನಡುವೆ ಒಮ್ಮೆ, ಆಗಷ್ಟೇ ತೆಗೆದ ಗಾಜನ್ನೇ ಎರಡನೇದೆಂದು ಮತ್ತೆ ಹಾಕಿ ಕೇಳುತ್ತಾನೆ. ಹತ್ತರಲ್ಲಿ ಒಂಬತ್ತು ಮಂದಿ "ಎರಡನೇದೇ" ಎಂದು ಎದೆತಟ್ಟಿ ಹೇಳುತ್ತಾರೆ.

೩
ನಿನ್ನೆ ಊಟಕ್ಕೆ ಕೂತಾಗ ಈ ಗುಟ್ಟನ್ನು ಅಂಗಡಿಯ ಮಹಾಶಯ ಹೆಂಡತಿಯ ಮುಂದೆ ಬಿಚ್ಚಿದ. ಮದುವೆಗೆ ಮುಂಚೆ ಅವಳು ಗಿರಾಕಿಯಾಗಿ ಬಂದಾಗಲೂ ಅದೇ ಆಟ ಆಡಿದ್ದನಂತೆ. ಅವಳೂ ಎರಡನೆಯದನ್ನೇ ಹೊಗಳಿದ್ದಳಂತೆ.

ಅವಳು ನಗಲಿಲ್ಲ. ಗಿರಾಕಿಯಾಗಿ ಬಂದ ಆ ವಾರವೇ ಅವಳಿಗೆ ಎರಡು ಸಂಬಂಧ ಬಂದಿದ್ದವು. ಎರಡನೆಯದು ಇವನದು.

ಇವತ್ತು ಬಟ್ಟೆಬರೆ ತುಂಬಿದ ಚೀಲ ಹೊತ್ತು ಅಂಗಡಿಗೇ ಬಂದಳು. ಕುರ್ಚಿಯಲ್ಲಿ ಕೂತು ಚೌಕಟ್ಟನ್ನು ತಾನೇ ಏರಿಸಿಕೊಂಡಳು.

"ಇಪ್ಪತ್ತೆರಡು ವರ್ಷ, ನಿಮ್ಮನ್ನ ನಾನೇ ಆರಿಸ್ಕೊಂಡೆ ಅಂದ್ಕೊಂಡಿದ್ದೆ ಕಣ್ರೀ. ಈಗ ಕೇಳಿ. ನಾನು ಇರೋದೋ, ಅಕ್ಕನ ಮನೆಗೆ ಹೋಗೋದೋ. ನಿಮ್ಮ ಬಾಯಲ್ಲೇ ಕೇಳಿ, ಹೇಳ್ತೀನಿ."

೪
ಇವನು ಒರೆಸಿದ ಗಾಜನ್ನೇ ನೂರು ಸಲ ಒರೆಸುತ್ತ ಲೆಕ್ಕ ಹಾಕಿದ. ಇರುವುದನ್ನು ಮೊದಲಿಟ್ಟು ಕೇಳಿದರೆ ಹೋಗಿಬಿಡುತ್ತಾಳೆ. ಕೊನೆಗಿಟ್ಟರೆ ಉಳಿಯುತ್ತಾಳೆ, ಆದರೆ ಉಳಿದದ್ದು ಅವಳೋ, ಅವಳ ಅಭ್ಯಾಸವೋ?

ನನ್ನ ಕಡೆ ತಿರುಗಿ, ನೀವೇ ಏನಾದರೂ ಬರೆದುಬಿಡಿ ಸ್ವಾಮಿ ಎಂದು ಅಂಗಲಾಚಿದ. ಬರೆದೆ: ಅಪ್ಪುಗೆ, ಕಣ್ಣೀರು, ಕಲ್ಲೂ ಬಿಕ್ಕುವಂಥ ಪುಟ. ಅವಳು ಓದಿ, ಇದು ನನ್ನ ಮಾತಲ್ಲ ಎಂದು ಹರಿದು ಹಾಕಿದಳು. (ಹರಿದಳು ಅಂತ ಬರೆದವನೂ ನಾನೇ. ಅಥವಾ? ತಲೆ ಗಿರ್ರೆನ್ನುತ್ತಿದೆ.)

ಕೊನೆಗೆ ಅವನೇ ಕೇಳಿದ. "ಹೋಗ್ತೀಯೋ... ಇರ್ತೀಯೋ?"

ಯಾವುದನ್ನು ಕೊನೆಗಿಟ್ಟ ಎಂಬುದು ಅವಳಿಗೆ ತಿಳಿಯದೆ ಇರಲಿಲ್ಲ.

೫
ನಿಮಗೆ ಎರಡು ಅಂತ್ಯ ಕೊಡುತ್ತೇನೆ, ಆರಿಸಿಕೊಳ್ಳಿ.

ಮೊದಲನೆಯದು: ಅವಳು ಚೌಕಟ್ಟು ತೆಗೆದು ಅವನ ಕೈಗಿಟ್ಟು, ಚೀಲ ಎತ್ತಿಕೊಂಡು ಬಾಗಿಲಿಗೆ ನಡೆದಳು.

ಎರಡನೆಯದು: ಅವಳು ಚೌಕಟ್ಟು ತೆಗೆದು ಅವನ ಕೈಗಿಟ್ಟು, ಚೀಲ ಎತ್ತಿಕೊಂಡು ಬಾಗಿಲಿಗೆ ನಡೆದಳು.

ಎರಡನೆಯದರಲ್ಲಿ ಅವಳು ತನ್ನ ಮನೆಯ ಕಡೆಗೇ ಹೊರಟಂತಿತ್ತು ಅಂತೀರಾ? ನನಗೂ ಹಾಗೇ ಕಂಡಿತು. ಅದೇ ನನಗೆ ಭಯ.

೬
ಇದನ್ನು ನಾನು ಯೋಚಿಸಿರಲಿಲ್ಲ: ಬಾಗಿಲಲ್ಲಿ ಅವಳು ನಿಂತಳು.

"ಇನ್ನೊಂದ್ಸಲ ಕೇಳಿ," ಎಂದಳು. "ಈ ಸಲ ಹಿಂದುಮುಂದು ಮಾಡಿ."

ಅವನು ಬಾಯಿ ತೆರೆದಿದ್ದಾನೆ. ಅದರೊಳಗೆ ನಾನು ಒಂದಕ್ಷರವನ್ನೂ ಹಾಕಿಲ್ಲ, ನನ್ನಾಣೆ.